ಚಿಲ್ಲರೆಯ ನಾಡಿನಲ್ಲಿ ಇಡಿಗಂಟು

ಕಮುಕುಂಜಿಗೆ ದಾರಿ ಕೇಳಬೇಕಿಲ್ಲ. ನೈರೋಬಿಯ ಮಚಾಕೋಸ್ ಬಸ್ ನಿಲ್ದಾಣದ ಬಳಿ ಇಳಿದರೆ ತಗಡಿನ ಮೇಲೆ ಬೀಳುವ ಸುತ್ತಿಗೆಗಳ ಸದ್ದೇ ಕರೆದೊಯ್ಯುತ್ತದೆ. ನೂರಾರು ಸುತ್ತಿಗೆಗಳು, ಒಂದರ ತಾಳ ಇನ್ನೊಂದಕ್ಕಿಲ್ಲ. ಖಾಲಿಯಾದ ಎಣ್ಣೆ ಡ್ರಮ್ಮುಗಳನ್ನು ಸೀಳಿ, ಬಡಿದು ಮಟ್ಟಮಾಡಿ, ಅದರಿಂದಲೇ ಇದ್ದಿಲ ಒಲೆ, ಬಾಣಲೆ, ಚಪಾತಿ ಕಾವಲಿ, ಕೈಗಾಡಿ, ಹಾಸ್ಟೆಲಿಗೆ ಹೊರಟ ಮಕ್ಕಳ ಟ್ರಂಕು ಎಲ್ಲವನ್ನೂ ಮಾಡುತ್ತಾರೆ. ಸುಡುಬಿಸಿಲಲ್ಲಿ ನಿಂತು ದುಡಿಯುವವರು ಎಂಬ ಅರ್ಥದಲ್ಲಿ ಕೀನ್ಯಾದ ಜನ ಇವರನ್ನು ‘ಜುವಾ ಕಾಲಿ’ ಎನ್ನುತ್ತಾರೆ. 1980ರ ದಶಕದಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ ಇಲ್ಲಿಗೇ ಬಂದು ನೋಡಿ, ಶೆಡ್ಡುಗಳನ್ನು ಹಾಕಿಸಲು ಹೇಳಿದರು. ಶೆಡ್ಡುಗಳು ಬಂದವು. ಆದರೆ ಕೆಲಸ ಅವುಗಳನ್ನು ಮೀರಿ ಬೆಳೆದು ಇಂದಿಗೂ ಬಯಲಿನಲ್ಲೇ ನಡೆಯುತ್ತಿದೆ.

ಈ ಜನರನ್ನು ಅರ್ಥಶಾಸ್ತ್ರ ಗಮನಿಸಿದ್ದೂ ಈ ದೇಶದಲ್ಲೇ. 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರ ತಂಡವೊಂದು ಕೀನ್ಯಾದ ನಿರುದ್ಯೋಗವನ್ನು ಅಧ್ಯಯನ ಮಾಡಲು ಬಂತು. ಹ್ಯಾನ್ಸ್ ಸಿಂಗರ್ ಮತ್ತು ರಿಚರ್ಡ್ ಜಾಲಿ ಅದರ ಮುಂದಾಳುಗಳು. ತಂಡ ಕಂಡದ್ದು ಕೆಲಸವಿಲ್ಲದೆ ಕೂತ ಜನರನ್ನಲ್ಲ, ಬೆಳಗಿನಿಂದ ಸಂಜೆಯವರೆಗೆ ಗೇಯ್ದೂ ಬಡವರಾಗಿಯೇ ಉಳಿದವರನ್ನು. ‘ಅನೌಪಚಾರಿಕ ವಲಯ’ ಎಂಬ ಮಾತು ಪ್ರಪಂಚದ ಸರ್ಕಾರಿ ಕಡತಗಳಿಗೆಲ್ಲ ಹರಡಿದ್ದು ಆ ವರದಿಯಿಂದ. ಅರ್ಧ ಶತಮಾನ ಕಳೆದಿದೆ. ಇಂದಿಗೂ ಕೀನ್ಯಾದಲ್ಲಿ ದುಡಿಯುವ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಆ ವಲಯದಲ್ಲೇ ಇದ್ದಾರೆ.

ಶೆಡ್ಡಿನ ಅಂಚಿನಲ್ಲಿ ಒಲೆ ಮಾಡುತ್ತಿದ್ದ ಒಬ್ಬರ ಪಕ್ಕ ಬಹಳ ಹೊತ್ತು ಕೂತಿದ್ದೆ. ಮಧ್ಯವಯಸ್ಸು, ಬಲಗೈ ಹೆಬ್ಬೆರಳಿನ ಉಗುರು ಕಪ್ಪು. ಅವರು ಮಾಡುತ್ತಿದ್ದುದು ಸೊಂಟದಲ್ಲಿ ಕಿರಿದಾಗಿ ಮೇಲೂ ಕೆಳಗೂ ಅಗಲವಾಗುವ ತಗಡಿನ ಒಲೆ. ಒಳಗೆ ಸುಟ್ಟ ಜೇಡಿಮಣ್ಣಿನ ಬಟ್ಟಲು ಕೂರುತ್ತದೆ. ಥಾಯ್ಲೆಂಡಿನ ಒಲೆಯೊಂದನ್ನು ನೋಡಿ 1980ರ ದಶಕದ ಆರಂಭದಲ್ಲಿ ಇಲ್ಲಿಗೆ ಹೊಂದಿಸಿದ ವಿನ್ಯಾಸ ಇದು. ಹಳೆಯ ತಗಡಿನ ಒಲೆಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಇದ್ದಿಲು ಉಳಿಸುತ್ತದೆ. ಕಾರ್ಖಾನೆಯ ಕೈಗೆ ಹೋಗದೆ ಇಂಥ ಕಮ್ಮಾರರ ಕೈಯಿಂದಲೇ ಲಕ್ಷಾಂತರ ಅಡುಗೆಮನೆಗಳನ್ನು ಸೇರಿತು. ಬಡ ದೇಶಗಳ ಜನ ಹೊಸತನ್ನು ಕಲಿಯುವುದಿಲ್ಲ ಎನ್ನುವವರು ಈ ಒಲೆಯ ಕಥೆ ಕೇಳಬೇಕು.

ನಾನು ಅವರನ್ನು ಕೇಳಿದ್ದು ಲೆಕ್ಕ. ಬೆಳಿಗ್ಗೆ ಎಷ್ಟು ತಗಡು ಕೊಳ್ಳುತ್ತೀರಿ? ಒಂದು ಹಾಳೆ. ಹತ್ತು ಒಟ್ಟಿಗೆ ಕೊಂಡರೆ? ಬೆಲೆ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ತಗಡು ಕತ್ತರಿಸುವ ಯಂತ್ರ? ಮೂಲೆಯಲ್ಲಿ ಒಂದಿದೆ, ಇನ್ನೊಬ್ಬರದು. ಒಂದೊಂದು ಕತ್ತರಿಕೆಗೂ ಬಾಡಿಗೆ. ಅಂಥದ್ದು ಸ್ವಂತಕ್ಕೆ ಇದ್ದರೆ ದಿನಕ್ಕೆ ಎಷ್ಟು ಒಲೆ ಹೆಚ್ಚಾಗುತ್ತದೆ ಎಂಬ ಲೆಕ್ಕವೂ ಅವರಲ್ಲಿ ಸಿದ್ಧವಾಗಿತ್ತು. ಇಂದು ಮಾರಿದ ದುಡ್ಡಿನಲ್ಲಿ ಮನೆ ಖರ್ಚು ಕಳೆದು ನಾಳೆಯ ಒಂದು ಹಾಳೆ. ವರ್ಷಗಟ್ಟಲೆ ಅದೇ. ಈ ಮನುಷ್ಯನಿಗೆ ಉದ್ಯಮಶೀಲತೆಯ ತರಬೇತಿ ಕೊಡಲು ಹೊರಟವರು ಏನನ್ನು ಕಲಿಸುತ್ತಾರೋ ನನಗೆ ತಿಳಿಯದು. ಲೆಕ್ಕ ಅವರಿಗೆ ಬರುತ್ತದೆ. ಕೈಯಲ್ಲಿ ಇಲ್ಲದ್ದು ಇಡಿಗಂಟು.

ಬಡತನವೆಂದರೆ ದುಡ್ಡು ಕಡಿಮೆ ಬರುವುದು ಎಂದಷ್ಟೇ ಬಹುಕಾಲ ತಿಳಿದಿದ್ದೆ. ಎಷ್ಟು ಬರುತ್ತದೆ ಎಂಬುದರ ಜೊತೆಗೆ ಅದು ಯಾವ ಆಕಾರದಲ್ಲಿ ಬರುತ್ತದೆ ಎಂಬುದೂ ಮುಖ್ಯ. ನೈರೋಬಿಯ ಕೊಳೆಗೇರಿಗಳ ಗೂಡಂಗಡಿಗಳಲ್ಲಿ ಅಡುಗೆ ಎಣ್ಣೆ ಹತ್ತಿಪ್ಪತ್ತು ಷಿಲ್ಲಿಂಗಿಗೆ ಅಳೆದು ಕೊಡುತ್ತಾರೆ. ಸಕ್ಕರೆ, ಚಹಾಪುಡಿ, ಸೋಪಿನಪುಡಿ ಎಲ್ಲವೂ ಪುಟ್ಟ ಪೊಟ್ಟಣಗಳಲ್ಲಿ. ‘ಕಡೋಗೊ’ ಎನ್ನುತ್ತಾರೆ ಇದನ್ನು, ಪುಟಾಣಿ ವ್ಯಾಪಾರ. ಪ್ರತಿ ಪೊಟ್ಟಣದಲ್ಲೂ ಲೀಟರಿನ, ಕಿಲೋದ ಬೆಲೆಗಿಂತ ಹೆಚ್ಚು ತೆರುತ್ತಾರೆ, ಅದು ಅವರಿಗೆ ಗೊತ್ತೂ ಇದೆ. ಸೆಲ್ಕೋ ಸಂಸ್ಥೆಯ ಹರೀಶ್ ಹಂದೆ ಹೇಳುವ ಪ್ರಸಂಗವೊಂದಿದೆ: ಸೌರದೀಪಕ್ಕೆ ತಿಂಗಳಿಗೆ 300 ರೂಪಾಯಿ ಎಂದರೆ ಬೀದಿ ವ್ಯಾಪಾರಿಗೆ ಭಾರ, ದಿನಕ್ಕೆ 10 ಎಂದರೆ ಆಗಬಹುದು. ಕೀನ್ಯಾದ ಎಂ-ಕೋಪಾ ಕಂಪನಿ ಬೆಳೆದದ್ದು ಇದೇ ತಿಳಿವಳಿಕೆಯ ಮೇಲೆ. ದಿನಕ್ಕೆ ಸುಮಾರು 50 ಷಿಲ್ಲಿಂಗ್ ಮೊಬೈಲಿನಲ್ಲಿ ಕಟ್ಟುತ್ತ ಹೋದರೆ ವರ್ಷದ ಮೇಲೆ ಸೌರದೀಪ ಸ್ವಂತದ್ದಾಗುತ್ತಿತ್ತು. ಚಿಲ್ಲರೆಯಾಗಿ ಬರುವ ದುಡ್ಡಿಗೆ ಚಿಲ್ಲರೆಯಾಗಿಯೇ ಬಾಗಿಲು ತೆರೆದದ್ದು ಅದರ ಜಾಣ್ಮೆ.

ಆ ಚಿಲ್ಲರೆ ಹರಿಯುವುದು ಮೊಬೈಲಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಸೇವೆಯಲ್ಲಿ. ಮೊಬೈಲ್ ಕಂಪನಿ ಸಫಾರಿಕಾಂ ಇದನ್ನು ತೆರೆದದ್ದು 2007ರ ಮಾರ್ಚ್‌ನಲ್ಲಿ. ಮೊದಲ ಪ್ರಯೋಗ ನಡೆದದ್ದು ಸಣ್ಣಸಾಲದ ಕಂತನ್ನು ಮೊಬೈಲಿನಲ್ಲಿ ಕಟ್ಟಿಸಿಕೊಳ್ಳಲು. ಜನ ಅದನ್ನು ಬಳಸಿದ್ದು ಊರಿನಲ್ಲಿರುವ ತಾಯಿಗೆ ದುಡ್ಡು ಕಳಿಸಲು. ಕಂಪನಿ ಜನರ ದಾರಿಯನ್ನೇ ಹಿಡಿಯಿತು, ಗೆದ್ದಿತು. ಅದೇ ವರ್ಷದ ಕೊನೆಗೆ ಚುನಾವಣೆಯ ಬೆನ್ನಿಗೇ ಹಿಂಸಾಚಾರ ಹಬ್ಬಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಮನೆಯೊಳಗೇ ಸಿಕ್ಕಿಕೊಂಡವರಿಗೆ ಬಂಧುಗಳು ದುಡ್ಡು ಮುಟ್ಟಿಸಿದ್ದು ಹೀಗೆಯೇ. ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎಂ-ಪೆಸಾದಿಂದ ಸುಮಾರು 1,94,000 ಕುಟುಂಬಗಳು, ಅಂದರೆ ದೇಶದ ನೂರಕ್ಕೆ ಎರಡು ಮನೆಗಳು, ಕಡುಬಡತನದಿಂದ ಮೇಲೆದ್ದವು. ಅದರ ಲಾಭ ಹೆಚ್ಚು ಸಿಕ್ಕಿದ್ದು ಹೆಂಗಸರು ನಡೆಸುವ ಮನೆಗಳಿಗೆ. ಕಷ್ಟ ಬಂದಾಗ ಕೈಚಾಚಲು ದೂರದ ಕೈಯೊಂದು ಸಿಕ್ಕಿತಲ್ಲ, ಅದು ಸಣ್ಣದಲ್ಲ.

ಆದರೆ ಅದೇ ಮೊಬೈಲಿನಲ್ಲಿ ಸಾಲವೂ ಬಂತು. 2012ರಲ್ಲಿ ಶುರುವಾದ ಎಂ-ಶ್ವಾರಿಯಲ್ಲಿ ಮೂವತ್ತು ದಿನದ ಸಾಲಕ್ಕೆ ನೂರಕ್ಕೆ ಏಳೂವರೆ ಶುಲ್ಕ. ಹಿಂದೆಯೇ ಹತ್ತಾರು ಆ್ಯಪ್‌ಗಳು ಬಂದವು. ಕಟ್ಟಲಾಗದವರ ಹೆಸರುಗಳು ಸಾಲ ಮಾಹಿತಿ ಸಂಸ್ಥೆಗಳ ಪಟ್ಟಿ ಸೇರಿದವು; ಕೆಲವು ನೂರು ಷಿಲ್ಲಿಂಗಿನ ಬಾಕಿಗೂ ಹೆಸರು ಕೆಟ್ಟಿತು. 2020ರಲ್ಲಿ ಕೇಂದ್ರ ಬ್ಯಾಂಕು ಇದಕ್ಕೆ ತಡೆಯೊಡ್ಡಬೇಕಾಯಿತು. 2022ರಲ್ಲಿ ಅಧ್ಯಕ್ಷ ವಿಲಿಯಂ ರೂಟೊ ಸರ್ಕಾರ ‘ಹಸ್ಲರ್ ಫಂಡ್’ ತಂದಿತು: ವರ್ಷಕ್ಕೆ ಶೇ. 8 ಬಡ್ಡಿ, 500ರಿಂದ 50,000 ಷಿಲ್ಲಿಂಗ್‌ವರೆಗೆ. ಬಡ್ಡಿ ಇಳಿಸಿದ್ದು ಸರಿ. ಅವಧಿ ಮಾತ್ರ ಹದಿನಾಲ್ಕು ದಿನ. ಹದಿನಾಲ್ಕು ದಿನದಲ್ಲಿ ತೀರಿಸಬೇಕಾದ ಐನೂರು ಷಿಲ್ಲಿಂಗಿನಿಂದ ತಗಡು ಕತ್ತರಿಸುವ ಯಂತ್ರ ಬರುವುದಿಲ್ಲ. ನಾಳೆಯ ತರಕಾರಿ ಬುಟ್ಟಿ ಬರುತ್ತದೆ, ನಾಳಿದ್ದು ಮತ್ತೆ ಖಾಲಿಯಾಗುತ್ತದೆ. ನಮ್ಮಲ್ಲೂ ಕಿರುಸಾಲದ ಕಂಪನಿಗಳು ವಾರವಾರ ಬಾಗಿಲು ಬಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಆರಂಭದಲ್ಲಿ ಆ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರುವಷ್ಟು ಹಳ್ಳಿಗಳು ನಲುಗಿದ್ದವು.

ಕಮುಕುಂಜಿಯ ಪಕ್ಕದ ಗಿಕೊಂಬಾ ಮಾರುಕಟ್ಟೆಯಲ್ಲಿ ಅಮೆರಿಕ, ಯೂರೋಪಿನಲ್ಲಿ ಉಟ್ಟುಬಿಟ್ಟ ಬಟ್ಟೆಗಳ ರಾಶಿ. ‘ಮಿಟುಂಬಾ’ ಎಂಬ ಈ ವ್ಯಾಪಾರದಲ್ಲಿ ಅಸಂಖ್ಯ ಜನ ಬದುಕುತ್ತಾರೆ. ಆಮದಿನ ಬಾಗಿಲು ತೆರೆದ ಮೇಲೆ ಇದೇ ದೇಶದ ಹತ್ತಿ ಗಿರಣಿಗಳು ಒಂದೊಂದಾಗಿ ಸೊರಗಿದ್ದೂ ನಿಜ. 2016ರಲ್ಲಿ ಪೂರ್ವ ಆಫ್ರಿಕಾದ ದೇಶಗಳು ಸೇರಿ ಹಳೆ ಬಟ್ಟೆಯ ಆಮದನ್ನು ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿದವು. ಅಮೆರಿಕ ತನ್ನ ಮಾರುಕಟ್ಟೆಯ ಸುಂಕ ವಿನಾಯಿತಿಯನ್ನು ಹಿಂತೆಗೆದುಕೊಳ್ಳುವುದಾಗಿ ಬೆದರಿಸಿತು. ಕೀನ್ಯಾ ಹಿಂದೆ ಸರಿಯಿತು. ಪಟ್ಟು ಬಿಡದ ರುವಾಂಡಾ 2018ರಲ್ಲಿ ಸಿದ್ಧ ಉಡುಪಿನ ವಿನಾಯಿತಿ ಕಳೆದುಕೊಂಡಿತು. ಬಡ ದೇಶವೊಂದು ತನ್ನ ಮಿಲ್ಲನ್ನು ತಾನೇ ಎತ್ತಿ ನಿಲ್ಲಿಸಲು ಹೊರಟರೆ ಎಷ್ಟು ಕೈಗಳು ಅಡ್ಡ ಬರುತ್ತವೆ ಎಂಬುದಕ್ಕೆ ಇದೊಂದೇ ಸಾಕು.

ನೈರೋಬಿ ಬಿಟ್ಟು ಪಶ್ಚಿಮಕ್ಕೆ ಹೊರಟೆ. ದಾರಿ ರಿಫ್ಟ್ ಕಣಿವೆಯ ಅಂಚಿನಿಂದ ಒಮ್ಮೆಲೇ ಕೆಳಕ್ಕಿಳಿಯುತ್ತದೆ. ಆ ತಿರುವಿನಲ್ಲಿ ನೆಲ ಬಾಯಿಬಿಟ್ಟಂತೆ ಕಾಣುವ ನೋಟಕ್ಕೆ ಬಸ್ಸಿನವರೆಲ್ಲ ಕತ್ತು ಹೊರಳಿಸಿದರು. ಕೆರಿಚೊದ ಚಹಾ ತೋಟಗಳು ಗುಡ್ಡಗಳ ಮೇಲೆ ಕತ್ತರಿಸಿಟ್ಟಷ್ಟು ಅಚ್ಚುಕಟ್ಟು. 2023ರ ಮೇ ತಿಂಗಳಲ್ಲಿ ಇಲ್ಲಿ ಜನ ಚಹಾ ಕೀಳುವ ಯಂತ್ರಗಳಿಗೆ ಬೆಂಕಿ ಹಚ್ಚಿದ್ದರು. ಸುಟ್ಟದ್ದನ್ನು ಸಮರ್ಥಿಸಲಾರೆ. ಆದರೆ ಈ ಗುಡ್ಡಗಾಡಿನಲ್ಲಿ ತಿಂಗಳ ಸಂಬಳ ಎಂಬುದು ಎಲೆ ಕೀಳುವ ಕೈಗೆ ಮಾತ್ರ ಸಿಗುತ್ತಿತ್ತು, ಅದನ್ನೂ ಯಂತ್ರ ಕಿತ್ತುಕೊಂಡರೆ ಉಳಿಯುವುದು ರಸ್ತೆ ಬದಿಯ ಜೋಳದ ತೆನೆಯ ವ್ಯಾಪಾರ ಎಂಬುದನ್ನು ಮರೆಯಲೂ ಆರೆ.

ಕಿಸುಮುವಿನಲ್ಲಿ ವಿಕ್ಟೋರಿಯಾ ಸರೋವರ. 1901ರಲ್ಲಿ ರೈಲು ಬಂದು ನಿಂತದ್ದು ಇಲ್ಲಿ. ಅದನ್ನು ಹಾಸಿದ್ದು ಭಾರತದಿಂದ ಕರಾರಿನ ಮೇಲೆ ತಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು, ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಆ ಕೆಲಸದಲ್ಲೇ ಸತ್ತರು. ಅಲ್ಲಿಂದ ಸಿಯಾಯಾ ಕೌಂಟಿ ದೂರವಿಲ್ಲ.

ಸಿಯಾಯಾದ ಹಳ್ಳಿಗಳನ್ನು ನೋಡಲೇಬೇಕೆಂದು ಬಂದದ್ದಕ್ಕೆ ಕಾರಣವಿದೆ. ಬಡವರ ಕೈಗೆ ನೇರವಾಗಿ ದುಡ್ಡು ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ದೊಡ್ಡದಾಗಿ ಕೇಳಿ ನೋಡಿದ ನೆಲ ಪ್ರಪಂಚದಲ್ಲಿ ಇನ್ನೊಂದು ಸಿಗುವುದು ಕಷ್ಟ. ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ 2014ರಿಂದ ಇಲ್ಲಿ ಹುಲ್ಲಿನ ಸೂರಿನ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸುಮಾರು ಸಾವಿರ ಡಾಲರ್‌ನಂತೆ ಕೊಟ್ಟಿತು. ಷರತ್ತಿಲ್ಲ, ವಾಪಸಿಲ್ಲ. ಅನೇಕರು ಮೊದಲು ಮಾಡಿದ್ದು ಹುಲ್ಲು ತೆಗೆದು ತಗಡು ಹೊದಿಸಿದ್ದು. ಪ್ರತಿ ವರ್ಷ ಹುಲ್ಲು ಹೊಂದಿಸುವ ಖರ್ಚು ಉಳಿಯಿತೆಂದರೆ ಅದೂ ಬಂಡವಾಳವೇ.

ಅರ್ಥಶಾಸ್ತ್ರಜ್ಞ ಎಡ್ವರ್ಡ್ ಮಿಗೆಲ್ ಮತ್ತು ಜೊತೆಗಾರರು ಇದನ್ನು ವರ್ಷಗಟ್ಟಲೆ ಅಳೆದರು. ಒಂದು ಡಾಲರ್ ಹಳ್ಳಿಗೆ ಬಿದ್ದರೆ ಸುತ್ತಲಿನ ವ್ಯವಹಾರ ಸುಮಾರು ಎರಡೂವರೆ ಡಾಲರ್‌ನಷ್ಟು ಹೆಚ್ಚಿತು. ದುಡ್ಡು ಸಿಗದ ನೆರೆಮನೆಯವರೂ ಸುಧಾರಿಸಿದರು. ಬೆಲೆಗಳು ಏರಲೇ ಇಲ್ಲವೆನ್ನುವಷ್ಟು ಕಡಿಮೆ ಏರಿದವು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಅಲ್ಲಿನ ಯಾವುದಾದರೂ ಒಂದು ಅಂಗಡಿಯ ಮುಂದೆ ಅರ್ಧ ದಿನ ಕೂರಬೇಕು.

ನಾನು ಕೂತದ್ದು ಒಂದು ಹಿಟ್ಟಿನ ಗಿರಣಿಯ ಮುಂದೆ. ಯಂತ್ರ ಇದೆ, ಕರೆಂಟಿದೆ, ನಡೆಸುವಾತ ಬೆಂಚಿನ ಮೇಲಿದ್ದಾನೆ. ಒಬ್ಬ ಹೆಂಗಸು ಪುಟ್ಟ ಪಾತ್ರೆಯಲ್ಲಿ ಮೆಕ್ಕೆಜೋಳ ತಂದಳು. ಯಂತ್ರ ಗರ್ ಎಂದಿತು, ನಿಮಿಷಗಳಲ್ಲಿ ನಿಂತಿತು. ಮತ್ತೆ ಬಹಳ ಹೊತ್ತು ಯಾರೂ ಇಲ್ಲ. ಪಕ್ಕದ ಹೊಲಿಗೆಯಂಗಡಿಯಲ್ಲೂ ಅದೇ, ಎದುರಿನ ಸೈಕಲ್ ರಿಪೇರಿಯಲ್ಲೂ ಅದೇ. ಕೆಲಸ ಬಲ್ಲ ಕೈ, ಓಡಬಲ್ಲ ಯಂತ್ರ, ಬಾರದ ಗಿರಾಕಿ. ಹಳ್ಳಿಗೆ ದುಡ್ಡು ಬಂದ ವರ್ಷ ಇಂಥ ಅಂಗಡಿಗಳು ಹೊಸ ಬಂಡವಾಳ ಹೆಚ್ಚೇನೂ ಹಾಕದೆಯೇ ಹೆಚ್ಚು ವ್ಯಾಪಾರ ಮಾಡಿದವು ಎಂದು ಅಧ್ಯಯನ ಹೇಳುತ್ತದೆ. ಬೆಂಚಿನ ಮೇಲೆ ಕಾಯುತ್ತಿದ್ದ ಹೊತ್ತೇ ದುಡಿಮೆಯಾಯಿತು. ಸಣ್ಣ ವ್ಯಾಪಾರಿಗೆ ಸಾಲ ಕೊಟ್ಟು ಇನ್ನೊಂದು ಗಿರಣಿ ಇಡಿಸಿದರೆ ಆಗುವುದೇನು? ಎರಡು ಬೆಂಚು, ಅದೇ ಪುಟ್ಟ ಪಾತ್ರೆ. ಬಡವನ ಗಿರಾಕಿ ಇನ್ನೊಬ್ಬ ಬಡವ. ಈ ಸರಳ ಮಾತನ್ನು ಬಿಟ್ಟು ಉದ್ಯಮದ ಬಗ್ಗೆ ಎಷ್ಟು ಮಾತಾಡಿದರೂ ಅದು ಅರ್ಧ ಮಾತು.

ಗಿವ್‌ಡೈರೆಕ್ಟ್‌ಲಿಯ ಇನ್ನೊಂದು ಪ್ರಯೋಗ 2018ರಲ್ಲಿ ಶುರುವಾಯಿತು, ಸಿಯಾಯಾ ಮತ್ತು ಬೊಮೆಟ್ ಕೌಂಟಿಗಳ 195 ಹಳ್ಳಿಗಳಲ್ಲಿ. ಕೆಲವು ಹಳ್ಳಿಗಳ ವಯಸ್ಕರಿಗೆಲ್ಲ ತಿಂಗಳಿಗೆ ಸುಮಾರು ಇಪ್ಪತ್ತೆರಡೂವರೆ ಡಾಲರ್, ಹನ್ನೆರಡು ವರ್ಷ. ಕೆಲವು ಹಳ್ಳಿಗಳಿಗೆ ಅಷ್ಟೇ ದುಡ್ಡು, ಆದರೆ ಎರಡೇ ವರ್ಷ. ಇನ್ನು ಕೆಲವಕ್ಕೆ ಸುಮಾರು ಐನೂರು ಡಾಲರ್ ಒಮ್ಮೆಗೇ. ಅಭಿಜಿತ್ ಬ್ಯಾನರ್ಜಿ, ತವ್ನೀತ್ ಸೂರಿ ಮೊದಲಾದವರು 2023ರಲ್ಲಿ ಕೊಟ್ಟ ವರದಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಯಾರೂ ಸೋಮಾರಿಗಳಾಗಲಿಲ್ಲ. ಒಮ್ಮೆಗೇ ಗಂಟು ಪಡೆದ ಹಳ್ಳಿಗಳಲ್ಲಿ ಹೊಸ ವ್ಯಾಪಾರಗಳು ಹುಟ್ಟಿದವು, ಆದಾಯ ಏರಿತು. ಎರಡು ವರ್ಷ ತಿಂಗಳು ತಿಂಗಳು ಪಡೆದವರಲ್ಲಿ ಅಷ್ಟಾಗಲಿಲ್ಲ. ಹನ್ನೆರಡು ವರ್ಷದ ಭರವಸೆ ಪಡೆದವರು ಮಾಡಿದ್ದನ್ನು ಓದುವಾಗ ನಮ್ಮ ಓಣಿಯ ಹೆಂಗಸರ ಮುಖ ಕಣ್ಣಮುಂದೆ ಬಂತು: ಆ ಹಳ್ಳಿಯವರೂ ಚೀಟಿ ಹಾಕಿದರು. ತಿಂಗಳ ದುಡ್ಡನ್ನು ಗುಂಪಿನಲ್ಲಿ ಕೂಡಿಸಿ ಸರದಿಯ ಮೇಲೆ ಒಬ್ಬೊಬ್ಬರು ಇಡಿಯಾಗಿ ಎತ್ತಿಕೊಂಡರು. ಕೀನ್ಯಾದಲ್ಲಿ ಇಂಥ ಗುಂಪಿಗೆ ‘ಚಾಮಾ’ ಎನ್ನುತ್ತಾರೆ. ತಜ್ಞರು ಚಿಲ್ಲರೆಯಾಗಿ ಕೊಟ್ಟದ್ದನ್ನು ಜನ ತಾವೇ ಗಂಟು ಕಟ್ಟಿಕೊಂಡರು. ಇದಕ್ಕಿಂತ ಗಟ್ಟಿಯಾದ ಆರ್ಥಿಕ ಸಲಹೆಯನ್ನು ಯಾವ ಸಮ್ಮೇಳನದಲ್ಲೂ ನಾನು ಕೇಳಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ದಾನಿಗಳ ದುಡ್ಡಿನಿಂದ ದೇಶ ನಡೆಯುವುದಿಲ್ಲ. ಕೀನ್ಯಾ ಸರ್ಕಾರವೇ ಸಾಲದಲ್ಲಿ ಮುಳುಗಿ, 2024ರಲ್ಲಿ ಬ್ರೆಡ್ಡಿಗೆ ತೆರಿಗೆ ಹಾಕಲು, ಮೊಬೈಲಿನಲ್ಲಿ ದುಡ್ಡು ಕಳಿಸುವುದರ ಮೇಲಿನ ತೆರಿಗೆ ಏರಿಸಲು ಹೊರಟಿತು. ಜೂನ್ 25ರಂದು ತರುಣರು ಸಂಸತ್ತಿಗೇ ನುಗ್ಗಿದರು, ಗುಂಡಿಗೆ ಜೀವಗಳು ಹೋದವು, ಮರುದಿನ ಅಧ್ಯಕ್ಷರು ಆ ತೆರಿಗೆ ಮಸೂದೆ ಕೈಬಿಟ್ಟರು. ಬೀದಿಗಿಳಿದವರಲ್ಲಿ ಓದು ಮುಗಿಸಿ ಕೆಲಸ ಸಿಗದವರು ಬಹಳ. ಅವರೆಲ್ಲರನ್ನೂ ಗೂಡಂಗಡಿಯ ಮಾಲೀಕರನ್ನಾಗಿ ಮಾಡುತ್ತೇವೆ ಎಂಬುದು ಅಭಿವೃದ್ಧಿಯ ಕನಸಾಗಬಾರದು.

ಸಂಬಳದ ಕೆಲಸ ನೋಡಬೇಕೆಂದು, ವಾಪಸು ಬರುವಾಗ ನೈವಾಷಾದಲ್ಲಿ ಇಳಿದೆ. ಸರೋವರದ ಸುತ್ತ ಕಣ್ಣು ಹೋದಷ್ಟೂ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳು. ಸಮಭಾಜಕದ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ: ಹಗಲು ಬಿಸಿಲು, ರಾತ್ರಿ ತಂಪು, ವರ್ಷವಿಡೀ ಗುಲಾಬಿ. ಇಂದು ಕೊಯ್ದದ್ದು ನಾಳೆ ನಾಳಿದ್ದರೊಳಗೆ ವಿಮಾನದಲ್ಲಿ ಹಾಲೆಂಡಿನ ಹರಾಜುಕಟ್ಟೆ ಸೇರುತ್ತದೆ. ಯೂರೋಪು ಕೊಳ್ಳುವ ಗುಲಾಬಿಗಳಲ್ಲಿ ದೊಡ್ಡ ಪಾಲು ಕೀನ್ಯಾದ್ದು. ದೇಶದ ಹೂದೋಟಗಳಲ್ಲಿ ದುಡಿಯುವವರು ಒಂದು ಲಕ್ಷಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ಇಲ್ಲಿರುವ ಕೆಲವರ ಊರು ಸಿಯಾಯಾ.

ಈ ಕೆಲಸ ಎಷ್ಟು ನಾಜೂಕಿನದು ಎಂಬುದರಲ್ಲಿ ಕರ್ನಾಟಕದ ಪಾಲೂ ಇದೆ. 2007ರಲ್ಲಿ ಬೆಂಗಳೂರಿನ ಕಂಪನಿಯೊಂದು ಇಲ್ಲಿನ ಅತಿ ದೊಡ್ಡ ಗುಲಾಬಿ ತೋಟಗಳಲ್ಲೊಂದನ್ನು ಡಚ್ಚರಿಂದ ಕೊಂಡಿತು. ಪ್ರಪಂಚದ ಗುಲಾಬಿ ದೊರೆ ಎಂದು ಪತ್ರಿಕೆಗಳು ಬರೆದವು. 2014ರಲ್ಲಿ ಸಾಲ ಕೊಟ್ಟ ಬ್ಯಾಂಕು ಬಾಕಿ ವಸೂಲಿಗೆ ರಿಸೀವರನ್ನು ನೇಮಿಸಿತು. ಕೊನೆಗೆ ಸಾವಿರಾರು ಜನರ ಕೆಲಸ ಹೋಯಿತು. ಬೆಂಗಳೂರಿನ ಲೆಕ್ಕಪತ್ರದ ಏರುಪೇರು ನೈವಾಷಾದ ಒಲೆಗಳನ್ನು ತಣ್ಣಗಾಗಿಸಿತು ಎಂಬುದನ್ನು ನಮ್ಮ ಹೆಮ್ಮೆಯ ಪಟ್ಟಿಯ ಪಕ್ಕದಲ್ಲೇ ಬರೆದಿಡಬೇಕು.

ಕಾರ್ಮಿಕರು ಬಾಡಿಗೆ ಕೋಣೆಗಳಲ್ಲಿ ವಾಸಿಸುವ ಕರಗಿಟಾದಲ್ಲಿ ಹೂವಿನ ಗಂಟು ಕಟ್ಟುವ ವಿಭಾಗದಲ್ಲಿರುವ ಒಬ್ಬಾಕೆ ಮಾತಿಗೆ ಸಿಕ್ಕರು. ಸಂಬಳ ಕಡಿಮೆ ಎಂದರು, ನಿಂತು ನಿಂತು ಕಾಲು ಬಾಯುತ್ತದೆ ಎಂದರು, ವ್ಯಾಲೆಂಟೈನ್ ದಿನದ ಮುಂಚೆ ಮನೆಗೆ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ ಎಂದರು. ಹಾಗಾದರೆ ಬಿಟ್ಟು ಊರಿನಲ್ಲಿ ವ್ಯಾಪಾರ? ಬೇಡ ಎಂದು ತಲೆಯಾಡಿಸಿ, ಮಡಚಿಟ್ಟಿದ್ದ ಸಂಬಳದ ಚೀಟಿ ತೋರಿಸಿದರು. ಆ ಚೀಟಿ ಇದ್ದರೆ ಸಾಕೋದಲ್ಲಿ, ಅಂದರೆ ನೌಕರರ ಉಳಿತಾಯ ಸಹಕಾರ ಸಂಘದಲ್ಲಿ, ಸಾಲ ಸಿಗುತ್ತದೆ. ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಮೊಬೈಲಿನಲ್ಲಿ ಕರೆದು ಬೆದರಿಸುವವರಿಲ್ಲ. ಆ ಸಾಲದಿಂದಲೇ ಊರಿನಲ್ಲಿ ಎರಡು ಕೋಣೆ ಕಟ್ಟಿಸಿದ್ದರು. ಕಮುಕುಂಜಿಯ ಕಮ್ಮಾರರಿಗೆ ಈಕೆಗಿಂತ ಹೆಚ್ಚು ಕಸುಬು ಬರುತ್ತದೆ, ಕೆಲವು ತಿಂಗಳು ಆದಾಯವೂ ಹೆಚ್ಚಿರಬಹುದು. ಅವರಲ್ಲಿಲ್ಲದ್ದು ಈ ಕಾಗದ.

ನಾನು ಆಕೆಗೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರ ಸುದ್ದಿ ಹೇಳಿದೆ. 2016ರ ಏಪ್ರಿಲ್‌ನಲ್ಲಿ, ಯಾವ ದೊಡ್ಡ ನಾಯಕರೂ ಕರೆ ಕೊಡದೆ, ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದು ನಗರವನ್ನು ನಿಲ್ಲಿಸಿದ್ದರು. ಕೆಲಸ ಬಿಟ್ಟರೂ ಪಿ.ಎಫ್. ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತರಲು ಹೊರಟಿತ್ತು. ಮಗಳ ಮದುವೆಗೆ, ಊರಿನ ಸಾಲಕ್ಕೆ, ಮನೆಗೆ ಆ ಹೆಂಗಸರ ಕೈಗೆ ಜೀವಮಾನದಲ್ಲಿ ಬರುವ ಒಂದೇ ದೊಡ್ಡ ಮೊತ್ತ ಅದು. ಎರಡು ದಿನದಲ್ಲಿ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಸಂಬಳ ಎಷ್ಟಾದರೂ ಕಡಿಮೆಯಿರಲಿ, ತೀರ ಸಣ್ಣ ಮೊತ್ತಗಳು ಒಂದೆಡೆ ಸೇರಿ ಅವರದೇ ಹೆಸರಿನಲ್ಲಿ ಬೆಳೆಯುತ್ತಿದ್ದವು. ಅದನ್ನು ಮುಟ್ಟಿದಾಗ ಮಾತ್ರ ಅವರು ರಸ್ತೆಗೆ ಬಂದರು.

ಆಕೆ ಒಂದೇ ಪ್ರಶ್ನೆ ಕೇಳಿದರು: ಆ ಹೆಂಗಸರೆಲ್ಲ ಕಾಯಂ ನೌಕರರೇ? ಪ್ರಶ್ನೆಯ ಹಿಂದೆ ಅವರ ಕಷ್ಟವಿತ್ತು. ಕಾಯಂ ಆದವರಿಗೆ ಸಾಕೋ ಮೂರು ವರ್ಷದ ಸಾಲ ಕೊಡುತ್ತದಂತೆ, ಒಪ್ಪಂದದವರಿಗೆ ಒಪ್ಪಂದ ಮುಗಿಯುವ ತಿಂಗಳವರೆಗೆ ಮಾತ್ರ. ಅವರ ಒಪ್ಪಂದ ಆರು ತಿಂಗಳದ್ದು. ದೊಡ್ಡ ಮಗಳನ್ನು ನರ್ಸಿಂಗ್ ಓದಿಸಲು ಬೇಕಾಗಿರುವುದು ಮೂರು ವರ್ಷದ ಸಾಲ. ಆದ್ದರಿಂದ ಯೂನಿಯನ್ನಿನವರು ಸಂಬಳ ಎಷ್ಟು ಏರಿಸಲು ಕೇಳೋಣ ಎಂದು ಸಭೆಯಲ್ಲಿ ಚರ್ಚಿಸುವಾಗ ಆಕೆ ಎದ್ದು ನಿಂತು, ಏರಿಕೆ ಸ್ವಲ್ಪ ತಡವಾದರೂ ಆಗಲಿ, ಮೊದಲು ನಮ್ಮನ್ನು ಕಾಯಂ ಮಾಡಲು ಕೇಳಿ ಎಂದು ಹೇಳಿ ಬಂದಿದ್ದರು.